ಅಂತರ್ಯುದ್ಧವೂ ಒಂದು ಮನೆತನವೂ

ಎರಡು ರಾಷ್ಟ್ರಗಳ ಯುದ್ಧವನ್ನು ಚಿತ್ರಿಸುವ ಕಾದಂಬರಿಗೆ ರಣರಂಗವೇ ಸಾಕಾಗಬಹುದು. ಅಂತರ್ಯುದ್ಧದ ಕಾದಂಬರಿಗೆ ಮನೆ ಬೇಕು. ಅಲ್ಲಿ ಶತ್ರುವಾದವನು ನಿನ್ನೆಯವರೆಗೆ ನೆರೆಯವನು, ಗೆಳೆಯನು, ಕೆಲವೊಮ್ಮೆ ನೆಂಟನು. ಈ ಮಾತಿಗೆ ಮಿಖಾಯಿಲ್ ಷೋಲೊಖೋವನ ‘ತೀಖಿ ದೋನ್’, ಎಂದರೆ ‘ಪ್ರಶಾಂತ ದೋನ್’, ಉತ್ತಮ ನಿದರ್ಶನವೆಂದು ನಾವು ಭಾವಿಸುತ್ತೇವೆ. 1928ರಿಂದ 1940ರ ವರೆಗೆ ನಾಲ್ಕು ಸಂಪುಟಗಳಾಗಿ ಹೊರಬಂದ ಕೃತಿಯಿದು. ಲೇಖಕನಿಗೆ 1965ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ದೋನ್ ನದೀತೀರದ ಕಸಾಕರು ಉಳುವವರೂ ಹೌದು, ಸೈನಿಕರೂ ಹೌದು. ತತಾರ್ಸ್ಕಿ ಎಂಬ ಹಳ್ಳಿಯ ಅಂಚಿನಲ್ಲಿರುವ ಮೆಲೆಖೋವರ ಮನೆಯಿಂದ ಕಥೆ ಮೊದಲಾಗುತ್ತದೆ. ತಂದೆ ಪಂತೆಲೈ, ತಾಯಿ ಇಲಿನಿಚ್ನ, ಹಿರಿಯ ಮಗ ಪ್ಯೋತ್ರ, ಅವನ ಹೆಂಡತಿ ದಾರ್ಯ, ಕಿರಿಯವ ಗ್ರಿಗೋರಿ, ಮಗಳು ದುನ್ಯಾಷ್ಕ, ಇವರೇ ಮನೆಮಂದಿ. 1917ರ ಕ್ರಾಂತಿಯ ಬಳಿಕ ಗ್ರಿಗೋರಿ ಮೊದಲು ಕೆಂಪು ಪಡೆಯಲ್ಲಿ, 1919ರ ದಂಗೆಯಲ್ಲಿ ಅದರ ವಿರುದ್ಧ, 1920ರಲ್ಲಿ ಮತ್ತೆ ಕೆಂಪು ಪಡೆಯಲ್ಲಿ ಕಾದುತ್ತಾನೆ. ಇದನ್ನು ಚಂಚಲತೆಯೆಂದು ತಳ್ಳಿಹಾಕುವುದು ಸುಲಭ. ಎರಡು ಪಕ್ಷಗಳ ಕ್ರೌರ್ಯವನ್ನೂ ಕಂಡವನಿಗೆ ನಿಲ್ಲಲು ನೆಲೆಯಿಲ್ಲವೆಂಬುದನ್ನು ಲೇಖಕನು ತೋರಿಸುತ್ತಿದ್ದಾನೆಂದು ನಮಗೆ ತೋರುತ್ತದೆ.

ಪ್ಯೋತ್ರನನ್ನು ಗುಂಡಿಟ್ಟು ಕೊಂದವನು ಕೊಷೆವೊಯ್. ಗ್ರಿಗೋರಿಯ ಬಾಲ್ಯದ ಗೆಳೆಯ, ದುನ್ಯಾಷ್ಕಳು ಮೆಚ್ಚಿದವನು. ಅವನೇ ಅಳಿಯನಾಗಿ ಆ ಮನೆಗೆ ಬರುತ್ತಾನೆ. ಕೊಲೆಗಾರನೆಂದು ಮುಖಕ್ಕೇ ಹೇಳಿದ ಇಲಿನಿಚ್ನಳು, ಅವನು ಚಳಿಜ್ವರದಿಂದ ನಡುಗುವುದನ್ನೂ ಮೊಮ್ಮಗನನ್ನು ಅಕ್ಕರೆಯಿಂದ ಕಾಣುವುದನ್ನೂ ನೋಡಿ ಮೆಲ್ಲನೆ ಕರಗುತ್ತಾಳೆ. ಸಾಯುವ ಮುನ್ನ ಪೆಟ್ಟಿಗೆಯಿಂದ ಗ್ರಿಗೋರಿಯ ಅಂಗಿಯನ್ನು ತೆಗೆದು ಅಳಿಯನಿಗೆ ಕೊಡಿಸುತ್ತಾಳೆ. ಕ್ಷಮೆಯನ್ನು ಕುರಿತು ಲೇಖಕನು ಉಪನ್ಯಾಸ ಮಾಡುವುದಿಲ್ಲ. ಆ ಅಂಗಿಯೇ ಸಾಕು. ಆದರೂ ತಾಯಿಯ ಸಂಧಾನ ಗಂಡಸರನ್ನು ಮುಟ್ಟಲಿಲ್ಲ. ಗ್ರಿಗೋರಿ ಮರಳಿದಾಗ ಕೊಷೆವೊಯ್ ಅವನನ್ನು ನಂಬುವುದಿಲ್ಲ. ಅವನು ಮತ್ತೆ ಮನೆ ಬಿಟ್ಟು ಓಡಬೇಕಾಗುತ್ತದೆ.

ಕೊನೆಯ ಲೆಕ್ಕ ನೋಡಿದರೆ, ತಂದೆ ಊರು ಬಿಟ್ಟು ಹೋಗುವ ದಾರಿಯಲ್ಲಿ ಟೈಫಸ್ ಜ್ವರದಿಂದ, ದಾರ್ಯ ನದಿಯಲ್ಲಿ ಮುಳುಗಿ, ಗ್ರಿಗೋರಿಯ ಹೆಂಡತಿ ನತಾಲ್ಯ ಗರ್ಭ ತೆಗೆಸಿಕೊಂಡು, ತಾಯಿ ಮಗನ ಹಾದಿ ಕಾಯುತ್ತ ತೀರಿಕೊಂಡಿದ್ದಾರೆ. ಇವರಾರೂ ಗುಂಡಿಗೆ ಬಿದ್ದವರಲ್ಲ. ಗ್ರಿಗೋರಿ ಬಂದೂಕನ್ನು ದೋನ್ ನೀರಿಗೆಸೆದು, ಮನೆಯ ಬಾಗಿಲಲ್ಲಿ ಉಳಿದ ಒಬ್ಬ ಮಗನನ್ನು ಎತ್ತಿಕೊಂಡು ನಿಲ್ಲುತ್ತಾನೆ.

ಇಂಥ ಕೃತಿಯನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುವ ಅಧ್ಯಾಪಕರು, ಯಾವ ಪಕ್ಷ ಗೆದ್ದಿತೆಂಬ ಪ್ರಶ್ನೆಗೆ ಮುನ್ನ, ಮನೆಯಲ್ಲಿ ಯಾರುಳಿದರೆಂದು ಕೇಳುವುದು ಲೇಸು. ಮೊದಲನೆಯದಕ್ಕೆ ಚರಿತ್ರೆಯ ಪುಸ್ತಕವೇ ಉತ್ತರ ಹೇಳೀತು; ಎರಡನೆಯದಕ್ಕೆ ಕಾದಂಬರಿಯೇ ಹೇಳಬೇಕು.