ಲ್ಯಾಪ್‌ಟಾಪ್‌ನಿಂದ ವೈಫೈ ಮಾಯ ಆಯ್ತಾ? ರಿಪೇರಿ ಅಂಗಡಿಗೆ ಹೋಗೋ ಮುಂಚೆ ಇದನ್ನ ಕೇಳಿ

 

ಕಳೆದ ತಿಂಗಳು ಒಂದು ಬುಧವಾರ ರಾತ್ರಿ ಒಂಬತ್ತೂವರೆಗೆ ನನ್ನ ಚಿಕ್ಕಮ್ಮನ ಮಗಳು ದಾವಣಗೆರೆಯಿಂದ ಫೋನ್ ಮಾಡಿದ್ಲು. ದನಿ ಕೇಳಿದ್ರೆ ಅಳೋ ಹಾಗಿತ್ತು.

"ಅಣ್ಣಾ, ಲ್ಯಾಪ್‌ಟಾಪ್‌ನಲ್ಲಿ ವೈಫೈನೇ ಇಲ್ಲ."

"ಕನೆಕ್ಟ್ ಆಗ್ತಿಲ್ವಾ?"

"ಕನೆಕ್ಟ್ ಆಗೋದಲ್ಲ ಅಣ್ಣ, ವೈಫೈ ಅನ್ನೋ ಬಟನ್ನೇ ಇಲ್ಲ. ನಿನ್ನೆ ಇತ್ತು. ಹೋದ ವಾರನೂ ಎರಡು ಸಲ ಹೀಗೇ ಹೋಗಿ, ತಾನಾಗೇ ಬಂದಿತ್ತು."

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳಿಗೆ ಆನ್‌ಲೈನ್ ಇಂಟರ್‌ವ್ಯೂ. ಜೊತೆಗೆ ಕೋಡಿಂಗ್ ಟೆಸ್ಟ್ ಇದ್ದಿದ್ರಿಂದ ಮೊಬೈಲಲ್ಲಿ ಮಾಡೋ ಹಾಗಿರಲಿಲ್ಲ. ಸಂಜೆ ಹತ್ತಿರದ ಒಂದು ರಿಪೇರಿ ಅಂಗಡಿಗೆ ಹೋಗಿ ತೋರಿಸಿದ್ದಾಳೆ. ಅವರು ಲ್ಯಾಪ್‌ಟಾಪ್ ಬಿಚ್ಚಲಿಲ್ಲ. ಆನ್ ಮಾಡಿ ನೋಡಿ, "ಮದರ್‌ಬೋರ್ಡ್ ಪ್ರಾಬ್ಲಂ ಇರಬೇಕಮ್ಮ, ಆರೇಳು ಸಾವಿರ ಆಗುತ್ತೆ, ನಾಲ್ಕು ದಿನ ಬಿಟ್ಟು ಹೋಗಿ" ಅಂದಿದ್ದಾರೆ. ಅವಳ ಹತ್ರ ಆರೇಳು ಸಾವಿರನೂ ಇರಲಿಲ್ಲ, ನಾಲ್ಕು ದಿನವೂ ಇರಲಿಲ್ಲ.

ಅವಳು ಹೇಳಿದ ಒಂದು ಮಾತು ನನಗೆ ಮುಖ್ಯ ಅನ್ನಿಸ್ತು. 'ಹೋಗಿ, ತಾನಾಗೇ ಬಂದಿತ್ತು.' ಪೂರ್ತಿ ಸತ್ತುಹೋದ ಭಾಗ ಹಾಗೆ ವಾಪಸ್ ಬರೋದಿಲ್ಲ. ಹೋಗಿ ಬರೋ ಕಾರ್ಡ್‌ನಲ್ಲಿ ಇನ್ನೂ ಜೀವ ಇರುತ್ತೆ. ಅದಕ್ಕೆ ಕರೆಂಟ್ ಸರಿಯಾಗಿ ಸಿಗ್ತಿಲ್ಲ, ಇಲ್ಲಾ ಅದನ್ನ ನಡೆಸೋ ಸಾಫ್ಟ್‌ವೇರ್ ಜೊತೆ ಮಾತುಕತೆ ತಪ್ಪಿದೆ, ಇಲ್ಲಾ ಕಾರ್ಡ್ ತನ್ನ ಜಾಗದಲ್ಲಿ ಸಡಿಲ ಆಗಿದೆ. ಈ ಮೂರರಲ್ಲಿ ಯಾವುದು ಅಂತ ಗೊತ್ತಾಗೋ ಮೊದಲೇ ಮದರ್‌ಬೋರ್ಡ್ ಹೆಸರಲ್ಲಿ ದುಡ್ಡು ಕೊಡಬೇಡಿ.

ಮೊದಲು ಒಂದು ಗೊಂದಲ ಬಗೆಹರಿಸ್ಕೊಳ್ಳೋಣ. ವೈಫೈ ಹೆಸರುಗಳು ಕಾಣಿಸ್ತಿವೆ ಆದ್ರೆ ಇಂಟರ್ನೆಟ್ ಬರ್ತಿಲ್ಲ ಅಂದ್ರೆ ಅದು ಬೇರೆ ಕಥೆ. ಅದಕ್ಕೆ ರೂಟರೋ, ಪಾಸ್‌ವರ್ಡೋ, ಕಂಪನಿಯ ಲೈನೋ ಕಾರಣ. ನಾವು ಮಾತಾಡ್ತಿರೋದು ವೈಫೈ ಅನ್ನೋ ಆಯ್ಕೆಯೇ ಇಲ್ಲದಂತಾಗೋ ಸ್ಥಿತಿ ಬಗ್ಗೆ. ಅದನ್ನ ನೋಡೋ ಜಾಗ ಡಿವೈಸ್ ಮ್ಯಾನೇಜರ್. ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಪಟ್ಟಿಯಲ್ಲಿ ಸಿಗುತ್ತೆ. ಅದರಲ್ಲಿ 'ನೆಟ್‌ವರ್ಕ್ ಅಡಾಪ್ಟರ್ಸ್' ಬಿಚ್ಚಿ ನೋಡಿ. ವೈಫೈ ಅಥವಾ ವೈರ್‌ಲೆಸ್ ಅಂತ ಹೆಸರಿರೋ ಸಾಲು ಇದ್ಯಾ? ಅದರ ಮೇಲೆ ಹಳದಿ ತ್ರಿಕೋನ ಇದ್ಯಾ? ಸಾಲೇ ಇಲ್ವಾ? ಇಲ್ಲ ಅಂದ್ರೆ ಮೇಲೆ ವ್ಯೂ ಮೆನುವಿನಲ್ಲಿ 'ಶೋ ಹಿಡನ್ ಡಿವೈಸಸ್' ಒತ್ತಿ. ಆಗ ಮಸುಕಾಗಿ ಕಾಣಿಸಿದ್ರೆ, 'ಇಂಥ ಕಾರ್ಡ್ ಹಿಂದೆ ಇತ್ತು, ಈಗ ಸಿಗ್ತಿಲ್ಲ' ಅಂತ ವಿಂಡೋಸ್ ಹೇಳ್ತಿದೆ ಅಂತರ್ಥ.

ಹಳದಿ ತ್ರಿಕೋನ ಇದ್ರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಒಂದು ನಂಬರ್ ಸಿಗುತ್ತೆ. ಕೋಡ್ 10 ಅಂದ್ರೆ ಸಾಧನ ಶುರು ಆಗ್ತಿಲ್ಲ. ಕೋಡ್ 43 ಅಂದ್ರೆ ಸಾಧನವೇ ತೊಂದರೆ ಇದೆ ಅಂದಿದ್ದಕ್ಕೆ ವಿಂಡೋಸ್ ಅದನ್ನ ನಿಲ್ಲಿಸಿದೆ. ಮಸುಕಾದ ಸಾಲಿನಲ್ಲಿ ಸಾಮಾನ್ಯವಾಗಿ ಕೋಡ್ 45, ಅಂದ್ರೆ ಸದ್ಯ ಜೋಡಣೆಯಲ್ಲೇ ಇಲ್ಲ. ಸಾಲು ಏನೂ ತೊಂದರೆ ಇಲ್ಲದೆ ನೆಟ್ಟಗೆ ಕಾಣ್ತಿದ್ದು, ವೈಫೈ ಬಟನ್ ಮಾತ್ರ ಇಲ್ವಾ? ಆಗ ಸರ್ವಿಸಸ್‌ನಲ್ಲಿ 'ಡಬ್ಲ್ಯೂಲ್ಯಾನ್ ಆಟೋಕಾನ್ಫಿಗ್' ನಿಂತುಹೋಗಿರಬಹುದು, ಅದನ್ನ ಸ್ಟಾರ್ಟ್ ಮಾಡಿ. ಏರೋಪ್ಲೇನ್ ಮೋಡ್ ಕೀ ಅಪ್ಪಿತಪ್ಪಿ ಒತ್ತಿದ್ದೀರಾ ಅಂತ ನಾನು ಹೇಳಬೇಕಾಗಿಲ್ಲ ಅಂದ್ಕೋತೀನಿ. ಆದ್ರೂ ಒಮ್ಮೆ ನೋಡಿಬಿಡಿ.

ನಮ್ಮ ಹುಡುಗಿಯ ಲ್ಯಾಪ್‌ಟಾಪ್‌ನಲ್ಲಿ ಕಾಣಿಸಿದ್ದು ಕೋಡ್ 10.

"ಆಫ್ ಮಾಡಿ ಆನ್ ಮಾಡಿದ್ಯಾ?"

"ಹತ್ತು ಸಲ ಮಾಡ್ದೆ ಅಣ್ಣ. ಶಟ್ ಡೌನ್ ಕೊಟ್ಟು, ಆಮೇಲೆ ಆನ್."

ತುಂಬಾ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ವಿಂಡೋಸ್ 8 ಬಂದಾಗಿನಿಂದ, ಅಂದ್ರೆ 2012ರಿಂದ, ಶಟ್ ಡೌನ್ ಅನ್ನೋದು ಪೂರ್ತಿ ಶಟ್ ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಅಂತ ಒಂದು ವ್ಯವಸ್ಥೆ ಇದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದು ಮೊದಲಿಂದಲೇ ಆನ್ ಇರುತ್ತೆ. ನೀವು ಶಟ್ ಡೌನ್ ಕೊಟ್ಟಾಗ ನೀವು ತೆರೆದಿದ್ದೆಲ್ಲ ಮುಚ್ಚುತ್ತೆ, ನಿಜ. ಆದ್ರೆ ವಿಂಡೋಸ್‌ನ ಒಳಗಿನ ತಿರುಳು ಮತ್ತು ಡ್ರೈವರ್‌ಗಳು ಯಾವ ಸ್ಥಿತಿಯಲ್ಲಿದ್ವೋ ಅದನ್ನ ಹಾಗೇ ಡಿಸ್ಕ್‌ನಲ್ಲಿ ಬರೆದಿಟ್ಟುಕೊಳ್ಳುತ್ತೆ. ಮತ್ತೆ ಆನ್ ಮಾಡಿದಾಗ ಎಲ್ಲವನ್ನೂ ಹೊಸದಾಗಿ ಶುರು ಮಾಡೋ ಬದಲು ಆ ಬರೆದಿಟ್ಟಿದ್ದನ್ನೇ ವಾಪಸ್ ಓದುತ್ತೆ. ಬೇಗ ಆನ್ ಆಗುತ್ತೆ, ಅದು ಲಾಭ. ನಷ್ಟ ಏನಪ್ಪಾ ಅಂದ್ರೆ, ಡ್ರೈವರ್ ಕೆಟ್ಟ ಸ್ಥಿತಿಯಲ್ಲಿದ್ರೆ ಅದೂ ಹಾಗೇ ವಾಪಸ್ ಬರಬಹುದು. ಅವಳು ಹತ್ತು ಸಲ ಆಫ್ ಮಾಡಿದ್ರೂ ವಿಂಡೋಸ್ ಲೆಕ್ಕದಲ್ಲಿ ಒಂದು ಸಲವೂ ಪೂರ್ತಿ ಆಫ್ ಆಗಿರಲಿಲ್ಲ.

ವಿಚಿತ್ರ ಅಂದ್ರೆ, ರೀಸ್ಟಾರ್ಟ್ ಮಾತ್ರ ಹೀಗೆ ಮಾಡಲ್ಲ. ರೀಸ್ಟಾರ್ಟ್ ಕೊಟ್ರೆ ವಿಂಡೋಸ್ ನಿಜವಾಗಿ ಹೊಸದಾಗಿ ಶುರು ಆಗುತ್ತೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್ ಡೌನ್ ಕೊಟ್ರೂ ಅದು ಪೂರ್ತಿ ಶಟ್ ಡೌನ್. ಇದನ್ನ ಶಾಲೆ ಕಾಲೇಜಲ್ಲಿ ಯಾರೂ ಹೇಳಿಕೊಡಲ್ಲ. ನಮಗೆಲ್ಲ 'ಆಫ್ ಮಾಡಿ ಆನ್ ಮಾಡು' ಅನ್ನೋದೇ ಮಹಾಮಂತ್ರ.

ಆದ್ರೆ ಅವಳ ಲ್ಯಾಪ್‌ಟಾಪ್‌ನಲ್ಲಿ ರೀಸ್ಟಾರ್ಟ್ ಕೊಟ್ರೂ ವೈಫೈ ಬರಲಿಲ್ಲ. ಯಾಕೆ ಅಂತ ತಿಳಿಯೋಕೆ ಈ ಕಾರ್ಡ್ ಏನು ಅಂತ ನೋಡಬೇಕು. ಇಂದಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಕಾರ್ಡ್ ಅನ್ನೋದು 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಒಂದು ತುಂಡು. ಒಂದು ಸ್ಕ್ರೂನಲ್ಲಿ ನಿಂತಿರುತ್ತೆ, ಎರಡು ಸಣ್ಣ ಆಂಟೆನಾ ವೈರ್ ಅದರ ತಲೆಗೆ ಚುಚ್ಚಿರುತ್ತೆ. ಅದರೊಳಗೂ ಒಂದು ಪುಟ್ಟ ಪ್ರೊಸೆಸರ್ ಇದೆ, ಅದಕ್ಕೆ ತನ್ನದೇ ಸಾಫ್ಟ್‌ವೇರ್ ಇದೆ. ಫೋನ್ ಹ್ಯಾಂಗ್ ಆಗೋ ಹಾಗೆ ಅದೂ ಹ್ಯಾಂಗ್ ಆಗುತ್ತೆ. ಬ್ಯಾಟರಿ ಉಳಿಸೋಕೆ ಲ್ಯಾಪ್‌ಟಾಪ್ ಅದನ್ನ ಆಗಾಗ ನಿದ್ದೆಗೆ ಕಳಿಸುತ್ತೆ. ಎದ್ದೇಳು ಅಂದಾಗ ಕೆಲವು ಸಲ ಏಳಲ್ಲ. ರೀಸ್ಟಾರ್ಟ್ ಮಾಡಿದಾಗ ಕಾರ್ಡ್‌ಗೆ ಹೋಗೋ ಕರೆಂಟ್ ಕಡಿದುಹೋಗಬೇಕು ಅಂತೇನಿಲ್ಲ. ಹಾಗಾಗಿ ವಿಂಡೋಸ್ ಹೊಸದಾಗಿ ಬಂದ್ರೂ ಕಾರ್ಡ್ ಹ್ಯಾಂಗ್ ಆಗೇ ಇರುತ್ತೆ.

ಆಗ ಮಾಡಬೇಕಾದ್ದು ಕರೆಂಟ್ ಪೂರ್ತಿ ತೆಗೆಯೋದು. ನಾನು ಫೋನ್‌ನಲ್ಲೇ ಹೇಳಿದೆ: ಶಿಫ್ಟ್ ಹಿಡಿದು ಶಟ್ ಡೌನ್ ಕೊಡು. ಚಾರ್ಜರ್ ಕಿತ್ತುಬಿಡು. ಮೌಸ್, ಪೆನ್ ಡ್ರೈವ್ ಏನಿದ್ರೂ ತೆಗಿ. ಈಗ ಪವರ್ ಬಟನ್ ಒತ್ತಿ ಹಿಡ್ಕೊಂಡು ಮೂವತ್ತು ಎಣಿಸು. ಮಧ್ಯೆ ಆನ್ ಆಗೋ ಹಾಗೆ ಕಂಡ್ರೂ ಬಿಡಬೇಡ. ಬಿಟ್ಟ ಮೇಲೆ ಒಂದೆರಡು ನಿಮಿಷ ಸುಮ್ನಿರು. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡು.

ಬಹಳಷ್ಟು ಮಾಡೆಲ್‌ಗಳಲ್ಲಿ ಇದರಿಂದ ಬೋರ್ಡ್ ಮೇಲೆ ಉಳಿದ ಚಾರ್ಜ್ ಇಳಿದು, ಪವರ್ ನೋಡಿಕೊಳ್ಳೋ ಚಿಪ್ ಕೂಡ ರೀಸೆಟ್ ಆಗುತ್ತೆ. ಬ್ಯಾಟರಿ ಹೊರಗೆ ತೆಗೆಯೋಕೆ ಬರೋ ಹಳೇ ಲ್ಯಾಪ್‌ಟಾಪ್ ಆದ್ರೆ ಅದನ್ನೂ ತೆಗೆದು ಮಾಡಿ. ಫೈಲ್‌ಗಳಿಗೆ ಏನೂ ಆಗಲ್ಲ.

ಆರು ನಿಮಿಷ ಬಿಟ್ಟು ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಬಂತು. ವೈಫೈ ಇತ್ತು. ಖರ್ಚು ಸೊನ್ನೆ.

ಆದ್ರೆ ಇಷ್ಟಕ್ಕೇ ಬಿಟ್ರೆ ಮತ್ತೆ ಹೋಗುತ್ತೆ. ಯಾಕಂದ್ರೆ ನಾವು ಹ್ಯಾಂಗ್ ಬಿಡಿಸಿದ್ದೀವಿ, ಹ್ಯಾಂಗ್ ಆಗೋ ಕಾರಣ ಹಾಗೇ ಇದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕಾರ್ಡ್‌ನ ಪ್ರಾಪರ್ಟೀಸ್ ತೆಗೆದ್ರೆ 'ಪವರ್ ಮ್ಯಾನೇಜ್‌ಮೆಂಟ್' ಅಂತ ಒಂದು ಟ್ಯಾಬ್ ಸಿಗುತ್ತೆ. ಪವರ್ ಉಳಿಸೋಕೆ ಈ ಸಾಧನವನ್ನ ಆಫ್ ಮಾಡೋಕೆ ಕಂಪ್ಯೂಟರ್‌ಗೆ ಅನುಮತಿ ಕೊಡಿ ಅನ್ನೋ ಟಿಕ್ ತೆಗೆದುಬಿಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಟ್ಯಾಬೇ ಇರಲ್ಲ, ಗಾಬರಿ ಆಗಬೇಡಿ, ಅವುಗಳ ನಿದ್ದೆಯ ವ್ಯವಸ್ಥೆಯೇ ಬೇರೆ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡೋಕೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಅಂತ ಆರಿಸೋ ಪುಟಕ್ಕೆ ಹೋಗಿ. ಆನ್ ಆಗೋದು ಕೆಲವು ಸೆಕೆಂಡ್ ತಡ ಆಗುತ್ತೆ. ಆಗಲಿ ಬಿಡಿ.

ಇನ್ನು ಡ್ರೈವರ್. ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದಲೇ ತೊಂದರೆ ಶುರುವಾಗಿದ್ರೆ, ಪ್ರಾಪರ್ಟೀಸ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ಹಿಂದಿನದಕ್ಕೆ ಹೋಗಬಹುದು. ಹೊಸ ಡ್ರೈವರ್ ಬೇಕಂದ್ರೆ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಿಂದ, ನಿಮ್ಮ ಮಾಡೆಲ್ ನಂಬರ್ ಹಾಕಿ ಇಳಿಸಿಕೊಳ್ಳಿ. ಅಲ್ಲೇ ಬಯೋಸ್ ಅಪ್‌ಡೇಟ್ ಇದ್ಯಾ ಅಂತಲೂ ನೋಡಿ. ಆದ್ರೆ ಬಯೋಸ್ ಅಪ್‌ಡೇಟ್ ಮಾಡೋವಾಗ ಚಾರ್ಜರ್ ಹಾಕಿರಲೇಬೇಕು, ಮಧ್ಯೆ ಆಫ್ ಆಗಬಾರದು. ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಲ್ಲಿ ಸರಿ ಮಾಡ್ತೀವಿ ಅಂತ ಜಾಹೀರಾತು ಕೊಡೋ ಆ್ಯಪ್‌ಗಳನ್ನ ನಾನಂತೂ ಹತ್ತಿರ ಸೇರಿಸಲ್ಲ.

'ವೈಫೈನೇ ಇಲ್ಲದೆ ಡ್ರೈವರ್ ಡೌನ್‌ಲೋಡ್ ಮಾಡೋದು ಹೇಗೆ?' ಒಳ್ಳೇ ಪ್ರಶ್ನೆ, ಉತ್ತರ ನಿಮ್ಮ ಕೈಲೇ ಇದೆ. ಆಂಡ್ರಾಯ್ಡ್ ಫೋನನ್ನ ಡೇಟಾ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಚುಚ್ಚಿ, ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಲ್ಯಾಪ್‌ಟಾಪ್ ಅದನ್ನ ವೈರ್ ಇರೋ ನೆಟ್‌ವರ್ಕ್ ಅಂತ ನೋಡುತ್ತೆ, ವೈಫೈ ಕಾರ್ಡ್ ಬೇಕಾಗಿಲ್ಲ. ಬ್ಲೂಟೂತ್ ಟೆದರಿಂಗ್ ನಂಬಬೇಡಿ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಬ್ಲೂಟೂತ್ ಕೂಡ ಅದೇ ಕಾರ್ಡ್ ಮೇಲೆ ಇರುತ್ತೆ. ಅದು ನಮಗೊಂದು ಸುಳಿವೂ ಹೌದು. ವೈಫೈ ಜೊತೆ ಬ್ಲೂಟೂತೂ ಮಾಯ ಆಗ್ತಿದ್ರೆ ಕಾರ್ಡ್‌ಗೆ ಕರೆಂಟ್ ಅಥವಾ ಜೋಡಣೆ ತಪ್ಪಿರೋ ಅನುಮಾನ ಜಾಸ್ತಿ. ವೈಫೈ ಒಂದೇ ಹೋಗ್ತಿದ್ರೆ ಡ್ರೈವರ್ ಕಡೆ ಮೊದಲು ನೋಡಿ.

ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ರೀಸೆಟ್' ಅಂತಲೂ ಒಂದಿದೆ. ಅದನ್ನ ಕೊನೆಗೆ ಇಟ್ಕೊಳ್ಳಿ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಹೋಗುತ್ವೆ. ಪಿಜಿ ಓನರ್ ಹತ್ರ ಪಾಸ್‌ವರ್ಡ್ ಮತ್ತೆ ಕೇಳೋ ಕಷ್ಟ ನಿಮಗೇ ಗೊತ್ತು.

ಇಷ್ಟೆಲ್ಲ ಆದ್ಮೇಲೂ ಕಾರ್ಡ್ ಬರಲಿಲ್ಲ ಅಂದ್ರೆ ತಪ್ಪು ವಿಂಡೋಸ್‌ದಾ, ಯಂತ್ರದ್ದಾ ಅಂತ ತಿಳಿಯೋಕೆ ನನಗೆ ಇಷ್ಟವಾದ ಪರೀಕ್ಷೆ ಒಂದಿದೆ. ಸ್ನೇಹಿತರ ಕಂಪ್ಯೂಟರ್‌ನಲ್ಲಿ ಉಬುಂಟುವನ್ನ ಒಂದು ಪೆನ್ ಡ್ರೈವ್‌ಗೆ ಹಾಕಿಸ್ಕೊಳ್ಳಿ. ಪೆನ್ ಡ್ರೈವ್‌ನಲ್ಲಿರೋದೆಲ್ಲ ಅಳಿಸಿಹೋಗುತ್ತೆ, ಖಾಲಿದೇ ಕೊಡಿ. ಅದರಿಂದ ಲ್ಯಾಪ್‌ಟಾಪ್ ಶುರು ಮಾಡಿ, ಇನ್‌ಸ್ಟಾಲ್ ಮಾಡದೆ ಸುಮ್ಮನೆ 'ಟ್ರೈ' ಅಂತ ಆರಿಸಿ. ಅಲ್ಲಿ ವೈಫೈ ಹೆಸರುಗಳು ಕಾಣಿಸಿದ್ರೆ ಕಾರ್ಡ್ ಚೆನ್ನಾಗೇ ಇದೆ, ದುಡ್ಡು ಉಳೀತು, ವಿಂಡೋಸ್ ಕಡೆ ರಿಪೇರಿ ಮಾಡಿ. ಅಲ್ಲೂ ಕಾಣದೆ, ಬಯೋಸ್‌ನಲ್ಲೂ ಆಫ್ ಆಗಿಲ್ಲ ಅಂತ ಖಚಿತವಾದ್ರೆ ಆಗ ಕಾರ್ಡ್ ಕಡೆ ಬೆರಳು ತೋರಿಸಬಹುದು. ಒಂದು ಎಚ್ಚರಿಕೆ: ಬಯೋಸ್ ಮುಟ್ಟೋ ಮುಂಚೆ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಕೊಳ್ಳಿ. ಲ್ಯಾಪ್‌ಟಾಪ್‌ಗೆ ಹಾಕಿರೋ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಾಮಾನ್ಯವಾಗಿ ಸಿಗುತ್ತೆ. ಅದಿಲ್ಲದೆ ವಿಂಡೋಸ್ ಬಾಗಿಲು ಹಾಕ್ಕೊಂಡ್ರೆ ವೈಫೈ ಚಿಂತೆ ಮರೆತೇಹೋಗುತ್ತೆ.

ಕಾರ್ಡ್ ಅನ್ನೋದೇ ಆದ್ರೂ ಮೊದಲು ಮಾಡಿಸಬೇಕಾದ್ದು ಬದಲಾವಣೆ ಅಲ್ಲ. ಕಾರ್ಡ್ ತೆಗೆದು, ತುದಿ ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸೋದು. ಲ್ಯಾಪ್‌ಟಾಪ್ ಬಿದ್ದಿದ್ರೆ, ಬ್ಯಾಗ್‌ನಲ್ಲಿ ಬೈಕ್ ಮೇಲೆ ದಿನಾ ಕುಲುಕಿದ್ರೆ, ಇಷ್ಟರಲ್ಲೇ ಸರಿ ಹೋಗಿರೋದುಂಟು. ವಾರಂಟಿ ಇದ್ರೆ ನೀವೇ ಬಿಚ್ಚಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡಿ.

ಬದಲಾಯಿಸಲೇಬೇಕಾಗಿ ಬಂದು, ನೀವೇ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಕಾರ್ಡ್ ಕೊಳ್ಳೋದಾದ್ರೆ ಒಂದು ಅಕ್ಷರ, ಒಂದು ಅಂಕಿ ತಪ್ಪಿದ್ರೂ ದುಡ್ಡು ದಂಡ. ಇಂಟೆಲ್‌ನ ಎಎಕ್ಸ್ 200, ಎಎಕ್ಸ್ 210 ಕಾರ್ಡ್‌ಗಳು ಪೂರ್ತಿ ಕಾರ್ಡ್‌ಗಳು. ಎಎಕ್ಸ್ 201, ಎಎಕ್ಸ್ 211 ಹಾಗಲ್ಲ, ಅವುಗಳ ಅರ್ಧ ಕೆಲಸವನ್ನ ಇಂಟೆಲ್ ಪ್ರೊಸೆಸರ್ ಕಡೆಯ ಚಿಪ್ ಮಾಡುತ್ತೆ. ಅದಕ್ಕೇ ಎಎಮ್‌ಡಿ ಲ್ಯಾಪ್‌ಟಾಪ್‌ಗೆ 201 ಹಾಕಿದ್ರೆ, ಜಾಗದಲ್ಲಿ ಸರಿಯಾಗಿ ಕೂತ್ರೂ ಕೆಲಸ ಮಾಡಲ್ಲ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಡನ್ನ ಬೋರ್ಡ್‌ಗೇ ಬೆಸುಗೆ ಹಾಕಿರ್ತಾರೆ. ಅಂಗಡಿಯವರು 'ಮದರ್‌ಬೋರ್ಡ್' ಅಂದಾಗ ನಿಮ್ಮದು ಆ ಥರದ್ದಾ ಅಂತ ಮೊದಲು ಕೇಳಿ. ಹೌದಾದ್ರೆ ಅವರ ಮಾತಲ್ಲೂ ಅರ್ಥ ಇದೆ. ಆಗಲೂ ಬೋರ್ಡ್ ಮುಟ್ಟಿಸೋ ಬದಲು ಕೆಲವು ನೂರು ರೂಪಾಯಿಯ ಯುಎಸ್‌ಬಿ ವೈಫೈ ಡಾಂಗಲ್ ಹಾಕ್ಕೊಂಡು ವರ್ಷಗಟ್ಟಲೆ ನಡೆಸಬಹುದು. ನೋಡೋಕೆ ಚೆನ್ನಾಗಿರಲ್ಲ, ಒಂದು ಯುಎಸ್‌ಬಿ ಜಾಗ ಹೋಗುತ್ತೆ, ಅಷ್ಟೇ.

ಇಂಟರ್‌ವ್ಯೂ ಏನಾಯ್ತು ಅಂತ ಕೇಳ್ತೀರಿ ತಾನೇ? ಶುಕ್ರವಾರ ಅವಳು ಫೋನನ್ನ ಕೇಬಲ್‌ಗೆ ಹಾಕಿ, ಟೆದರಿಂಗ್ ರೆಡಿ ಇಟ್ಕೊಂಡೇ ಕೂತಿದ್ಲು. ಬೇಕಾಗಲಿಲ್ಲ. ಎರಡನೇ ಸುತ್ತಿಗೆ ಕರೆ ಬಂದಿದೆ. ಹೋದ ಭಾನುವಾರ ವೈಫೈ ಮತ್ತೊಂದ್ಸಲ ಮಾಯ ಆಯ್ತಂತೆ, ಈ ಸಲ ಬ್ಲೂಟೂತ್ ಜೊತೆಗೇ. ನನಗೆ ಫೋನ್ ಮಾಡದೆ ಅವಳೇ ಮೂವತ್ತು ಎಣಿಸಿ ವಾಪಸ್ ತಂದ್ಕೊಂಡಿದ್ದಾಳೆ. ಪವರ್ ಸೆಟ್ಟಿಂಗ್ ಬದಲಿಸಿದ ಮೇಲೂ ಹೀಗಾಗಿದೆ ಅಂದ್ರೆ ನನಗೀಗ ಅನುಮಾನ ಆ ಕಾರ್ಡ್ ಕೂತಿರೋ ಜಾಗದ ಮೇಲೆ. ಮುಂದಿನ ವಾರ ದಾವಣಗೆರೆಗೆ ಹೋಗ್ತಿದ್ದೀನಿ, ಬ್ಯಾಗ್‌ನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇಟ್ಕೊಂಡಿದ್ದೀನಿ.