ಗಾಯಗೊಂಡ ಹಿತ್ತಲ ಬಾತಿನ ಆರೈಕೆ



ಇವತ್ತು ನಾವು ಮಾತನಾಡಬೇಕೆಂದಿರುವುದು ಹಸುವಿನ ವಿಷಯವಲ್ಲ, ಎತ್ತಿನ ವಿಷಯವೂ ಅಲ್ಲ. ಹಿತ್ತಲಲ್ಲಿ ಓಡಾಡಿಕೊಂಡಿರುವ ಬಾತಿನ ವಿಷಯ. ಅದರಲ್ಲೂ ಪೆಟ್ಟು ಬಿದ್ದ ಬಾತಿನ ವಿಷಯ. “ಒಂದು ಬಾತಿಗೆ ಇಷ್ಟೊಂದು ಉಪಚಾರವೇ?” ಎಂದು ಯಾರಾದರೂ ನಕ್ಕಾರು. ನಗಲಿ. ಕಾಕಿ ಕ್ಯಾಂಪ್‌ಬೆಲ್ ತಳಿಯ ಒಳ್ಳೆಯ ಹೆಣ್ಣು ಬಾತು, ಚೆನ್ನಾಗಿ ನೋಡಿಕೊಂಡರೆ, ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುತ್ತದೆ. ಈ ತಳಿಯನ್ನು ನಮ್ಮ ಕಡೆಗೆ ಒದಗಿಸುವುದಕ್ಕೆಂದೇ 1981ರಲ್ಲಿ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಬಾತು ತಳಿ ಕ್ಷೇತ್ರ ಆರಂಭವಾಯಿತು. ಮೊಟ್ಟೆ ಮಾರಿದ ಕಾಸು ಬಹುಮಟ್ಟಿಗೆ ಮನೆಯ ಹೆಂಗಸರ ಕೈಯಲ್ಲಿ ಉಳಿಯುವ ಕಾಸು. ಅದು ಒಂದು ನಾಯಿಯ ಹಲ್ಲಿಗೆ ಹೋಗಬಾರದಲ್ಲವೇ?

ಮಾಗಡಿ ರಸ್ತೆಯ ಸುಂಕದಕಟ್ಟೆಯನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಊರಾಚೆಯ ಹಳ್ಳಿ. ಈಗ ಬೆಂಗಳೂರಿನ ಒಳಗೇ ಸೇರಿಹೋಗಿದೆ. ಸಮೀಪದಲ್ಲೇ ಹೇರೋಹಳ್ಳಿ ಕೆರೆ. ಮುಂದಕ್ಕೆ ಹೋದರೆ ಬ್ಯಾಡರಹಳ್ಳಿ, ತಾವರೆಕೆರೆ. ಈ ದಾರಿಯಲ್ಲಿ ಹಿತ್ತಲು ಉಳಿಸಿಕೊಂಡು ನಾಲ್ಕು ಬಾತು ಸಾಕುವವರಿಗೆ ಹಳ್ಳಿಯ ಕಷ್ಟವೂ ಉಂಟು, ಪಟ್ಟಣದ ಕಷ್ಟವೂ ಉಂಟು. ರಾತ್ರಿ ಬೆಕ್ಕು, ಮುಂಜಾನೆ ಮುಂಗುಸಿ, ಹಗಲು ಬೀದಿನಾಯಿ ಮತ್ತು ಮೋಟಾರು ಸೈಕಲ್ಲು, ನೀರಿನ ಅಂಚಿನಲ್ಲಿ ಒಡೆದ ಗಾಜು, ಗಾಳದ ನೂಲು, ಗಾಳಿಪಟದ ಮಾಂಜಾ ದಾರ. ಪೆಟ್ಟು ಬೀಳುವುದಕ್ಕೆ ಕಾರಣಗಳಿಗೆ ಬರವಿಲ್ಲ.

ಹೀಗೆ ಪೆಟ್ಟು ಬಿದ್ದಾಗ ನಮ್ಮಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಾರೆ? ಗಾಯಕ್ಕೆ ಕೈಗೆ ಸಿಕ್ಕಿದ್ದನ್ನು ಮೆತ್ತಿ, “ನೀರುಹಕ್ಕಿ ತಾನೆ, ನೀರಿಗೆ ಬಿಟ್ಟರೆ ಸರಿಹೋಗುತ್ತೆ” ಅಂತ ಬಿಟ್ಟುಬಿಡುತ್ತಾರೆ. ಮಾರನೆಯ ದಿನ ಬಾತು ಸತ್ತಿರುತ್ತದೆ. ಗಾಯದಿಂದಲೇ ಸತ್ತಿತು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಸಾಯುವುದು ಚಳಿಯಿಂದ, ಗಾಬರಿಯಿಂದ, ಕೊಳಕು ನೀರಿನಿಂದ. ಇವು ಮೂರನ್ನೂ ತಡೆಯುವುದು ಮನೆಯವರ ಕೈಯಲ್ಲೇ ಇದೆ. ಇದೇ ಇವತ್ತಿನ ಮಾತಿನ ಸಾರ.

ಮುಟ್ಟುವ ಮೊದಲು ಒಂದು ಕ್ಷಣ ನಿಂತು ನೋಡಿ. ಇದು ಪೆಟ್ಟೋ, ರೋಗವೋ? ಒಂದೇ ಬಾತು ಕುಂಟುತ್ತಿದ್ದು, ಉಳಿದವು ಗೆಲುವಾಗಿ ಮೇಯುತ್ತಿದ್ದರೆ ಬಹುಶಃ ಪೆಟ್ಟು. ಎರಡು ಮೂರು ಹಕ್ಕಿ ಒಟ್ಟಿಗೆ ಮಂಕಾಗಿ, ಕತ್ತು ತಿರುಚಿಕೊಂಡು, ಒಂದೆರಡು ದಿನದಲ್ಲಿ ಸಾಯತೊಡಗಿದರೆ ಅದು ಪೆಟ್ಟಲ್ಲ. ಹಕ್ಕಿಜ್ವರವೂ ಆಗಿರಬಹುದು. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಸರ್ಕಾರಿ ಕುಕ್ಕುಟ ಕ್ಷೇತ್ರಕ್ಕೇ ಈ ಜ್ವರ ಬಂದು, ಅಲ್ಲಿದ್ದ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಕೆಲವು ಸಲ ಬಾತು ನೋಡುವುದಕ್ಕೆ ಚೆನ್ನಾಗಿದ್ದೂ ಈ ರೋಗವನ್ನು ಹೊತ್ತಿರುತ್ತದೆ. ಅಂಥ ಅನುಮಾನ ಬಂದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಸಂತೆಗೆ ಒಯ್ಯಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೆ 1962 ಎಂಬ ಸಹಾಯವಾಣಿಗೆ ಫೋನು ಮಾಡಿ. ಇನ್ನೊಂದು ಲಕ್ಷಣ: ಕೊಳೆತ ನೀರಿನಲ್ಲಿ, ಸತ್ತ ಪ್ರಾಣಿಗಳ ಹುಳು ತಿಂದ ಬಾತಿಗೆ ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ಕತ್ತು ಜೋತುಬೀಳುತ್ತದೆ. ಅದು ವಿಷ. ಅದಕ್ಕೂ ವೈದ್ಯರೇ ಬೇಕು.

ಪೆಟ್ಟೆಂದು ಖಚಿತವಾಯಿತು ಅನ್ನಿ. ಮೊದಲ ಕೆಲಸ ಹಿಡಿಯುವುದು. ಅಟ್ಟಿಸಿಕೊಂಡು ಓಡಬೇಡಿ, ಓಡಿದಷ್ಟೂ ರಕ್ತ ಹೆಚ್ಚು ಸುರಿಯುತ್ತದೆ. ಮೂಲೆಗೆ ಮೆಲ್ಲಗೆ ಸೇರಿಸಿ, ಮೇಲೊಂದು ಹಳೆಯ ಟವೆಲು ಹಾಕಿ, ಎರಡು ರೆಕ್ಕೆಯೂ ಮೈಗೆ ಒತ್ತಿಕೊಳ್ಳುವಂತೆ ಹಿಡಿದು, ಹೊಟ್ಟೆಯ ಕೆಳಗೆ ಕೈಕೊಟ್ಟು ಎತ್ತಿ. ಕೋಳಿಯನ್ನು ಎತ್ತುವ ಹಾಗೆ ಕಾಲು ಹಿಡಿದು ಎತ್ತಬಾರದು. ಬಾತಿನ ಕಾಲು ಬಲಹೀನ, ಉಳುಕುತ್ತದೆ, ಮುರಿಯುತ್ತದೆ. ಎದೆಯನ್ನು ಬಿಗಿಯಾಗಿ ಅಮುಕಲೂ ಬಾರದು. ನಮ್ಮ ಹಾಗೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟದ ಸ್ನಾಯುಪರದೆ ಹಕ್ಕಿಗೆ ಇಲ್ಲ. ಎದೆಗೂಡು ಏರಿ ಇಳಿದರೇ ಅದಕ್ಕೆ ಉಸಿರು.

ಎರಡನೆಯ ಕೆಲಸ ರಕ್ತ ನಿಲ್ಲಿಸುವುದು. ಬಾತಿನ ಮೈಯಲ್ಲಿರುವ ರಕ್ತವೆಲ್ಲ ಸೇರಿ ಒಂದು ಕಾಫಿ ಲೋಟದಷ್ಟು ಆದೀತು. ಆದ್ದರಿಂದ ನಾಲ್ಕು ಚಮಚ ಹೋದರೂ ಅದಕ್ಕೆ ಲೆಕ್ಕ. ತೊಳೆದು ಒಣಗಿಸಿದ ಬಟ್ಟೆಯನ್ನು ಗಾಯದ ಮೇಲಿಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತುಬರುತ್ತದೆ. ಉಗುರಿನ ತುದಿ ಮುರಿದು ರಕ್ತ ಬರುತ್ತಿದ್ದರೆ ಒಂದು ಚಿಟಿಕೆ ರಾಗಿಹಿಟ್ಟು ಒತ್ತಿದರೂ ನಿಲ್ಲುತ್ತದೆ.

ಮೂರನೆಯದು ಬೆಚ್ಚಗೆ, ಕತ್ತಲಲ್ಲಿ, ಬೇರೆ ಇಡುವುದು. ಬಾತಿನ ಮೈಬಿಸಿ ನಮ್ಮದಕ್ಕಿಂತ ಹೆಚ್ಚು, ಸುಮಾರು 41ರಿಂದ 42 ಡಿಗ್ರಿ ಸೆಲ್ಷಿಯಸ್. ಪೆಟ್ಟು ಬಿದ್ದ ಹಕ್ಕಿಗೆ ಆ ಬಿಸಿಯನ್ನು ಉಳಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲೋ, ಬುಟ್ಟಿಯಲ್ಲೋ ಒಣಹುಲ್ಲು, ಅದರ ಮೇಲೆ ಹಳೇ ಬಟ್ಟೆ ಹಾಸಿ ಕೂರಿಸಿ. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆ ಸುತ್ತಿ ಒಂದು ಪಕ್ಕಕ್ಕೆ ಇಡಿ. ಸೆಕೆಯಾದರೆ ಬಾತು ಆ ಕಡೆಗೆ ಸರಿಯಲು ಜಾಗವಿರಬೇಕು. ಹಿಂದೆ ಬಲ್ಬು ಉರಿಸಿ ಬಿಸಿ ಕೊಡುತ್ತಿದ್ದರು. ಈಗಿನ ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆಯೇ ಹೊರತು ಬಿಸಿ ಬರುವುದಿಲ್ಲ, ನೆನಪಿರಲಿ. ಉಳಿದ ಬಾತುಗಳ ಜೊತೆ ಬಿಟ್ಟರೆ ಕೆಂಪು ಕಂಡಲ್ಲಿ ಅವು ಕುಕ್ಕುತ್ತವೆ. ಆದರೆ ಬಾತು ಗುಂಪಿನ ಹಕ್ಕಿ, ಒಂಟಿಯಾದರೆ ಸೊರಗುತ್ತದೆ. ಸ್ವಲ್ಪ ಚೇತರಿಸಿಕೊಂಡ ಮೇಲೆ, ಜೊತೆಯವರ ದನಿ ಕೇಳುವಷ್ಟು ಹತ್ತಿರ, ನಡುವೆ ಒಂದು ಜಾಲರಿ ಇಟ್ಟು ಸಾಕಿ.

ಒಂದು ಗಂಟೆ ಸುಧಾರಿಸಿಕೊಳ್ಳಲು ಬಿಟ್ಟು ಗಾಯ ತೊಳೆಯಿರಿ. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು. ಗಾಯದ ಸುತ್ತಿನ ಗರಿಗಳನ್ನು ಕತ್ತರಿಸಿ, ಕೀಳಬೇಡಿ. ಈ ಉಪ್ಪುನೀರು ಹರಿಸಿ ಮಣ್ಣು ಕಸ ತೆಗೆಯಿರಿ. ಔಷಧದಂಗಡಿಯ ಪೊವಿಡೋನ್ ಅಯೋಡಿನ್ ಇದ್ದರೆ ಹಾಲು ಹಾಕದ ಚಹದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿ. ಸೀಮೆಎಣ್ಣೆ ಬೇಡ, ಸುಣ್ಣ ಬೇಡ, ಬೂದಿ ಬೇಡ, ಸಗಣಿಯಂತೂ ಬೇಡವೇ ಬೇಡ. ಅರಿಸಿನದ ಪುಡಿ ಮೆತ್ತಿದರೆ ಒಳಗೆ ಕೀವಾಗಿರುವುದು ಕಣ್ಣಿಗೆ ಕಾಣುವುದಿಲ್ಲ. ಹರಳೆಣ್ಣೆ, ಬೆಣ್ಣೆ ಹಚ್ಚಿದರೆ ಗರಿಗಳೆಲ್ಲ ಅಂಟಿಕೊಂಡು ಮೈ ಬೆಚ್ಚಗೆ ಇರುವುದಿಲ್ಲ. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ನೊಣ ಮುತ್ತಿ ಹುಳು ಬೀಳುತ್ತದೆ. ದಿನಕ್ಕೆರಡು ಸಲ ನೋಡಿ, ಚಿಮುಟದಿಂದ ತೆಗೆದುಹಾಕಿ.

ಈಗ ನೀರಿನ ವಿಷಯಕ್ಕೆ ಬರೋಣ. ಆರೋಗ್ಯವಾಗಿರುವ ಬಾತು ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿಯಿಂದ ಎಣ್ಣೆ ತೆಗೆದು ಗರಿಗಳನ್ನು ತೀಡಿಕೊಳ್ಳುತ್ತದೆ. ಅದಕ್ಕೇ ಅದರ ಮೈ ನೆನೆಯುವುದಿಲ್ಲ. ಪೆಟ್ಟು ಬಿದ್ದದ್ದು ತೀಡಿಕೊಳ್ಳುವುದಿಲ್ಲ. ನೀರಿಗೆ ಬಿಟ್ಟರೆ ಕೋಳಿಯ ಹಾಗೆ ತೊಯ್ದು, ಚಳಿ ಹಿಡಿದು ಹೋಗುತ್ತದೆ. ಕೆರೆಯ ಕೊಳಕು ಗಾಯದೊಳಕ್ಕೂ ಇಳಿಯುತ್ತದೆ. ಆದ್ದರಿಂದ ಗಾಯ ಮುಚ್ಚುವ ತನಕ ಈಜು ಇಲ್ಲ. ಕುಡಿಯುವ ನೀರು ಮಾತ್ರ ಯಾವಾಗಲೂ ಇರಬೇಕು. ಅದೂ ಕೊಕ್ಕು ಮೂಗಿನ ತೂತಿನವರೆಗೆ ಮುಳುಗುವಷ್ಟು, ಅಂದರೆ ನಾಲ್ಕು ಬೆರಳು ಆಳ. ಮೂಗು ತೊಳೆದುಕೊಳ್ಳಲು ಆಗದಿದ್ದರೆ ಬಾತಿಗೆ ಮೂಗು ಕಣ್ಣು ಕಟ್ಟುತ್ತದೆ. ಹಿಡಿದು ಬಾಯಿಗೆ ಹೊಯ್ಯಬೇಡಿ. ಉಸಿರಿನ ತೂತು ನಾಲಗೆಯ ಬುಡದಲ್ಲೇ ಇದೆ. ನೀರು ಅಲ್ಲಿಗೆ ಇಳಿದರೆ ಮುಗಿಯಿತು.

ಯಾವ ಗಾಯಕ್ಕೆ ವೈದ್ಯರ ಹತ್ತಿರ ಓಡಬೇಕು? ಬೆಕ್ಕು, ನಾಯಿ ಕಚ್ಚಿದ್ದಾದರೆ ಅದೇ ದಿನ. ಮೇಲೆ ಸಾಸಿವೆಯಷ್ಟು ತೂತು ಕಂಡರೂ ಒಳಗೆ ಮಾಂಸ ಹರಿದಿರುತ್ತದೆ. ಬೆಕ್ಕಿನ ಬಾಯಿಯ ಕ್ರಿಮಿ ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಚರ್ಮದಡಿ ಗಾಳಿ ತುಂಬಿ ಬಲೂನಿನಂತೆ ಉಬ್ಬಿದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಳೆ ಹೊರಗೆ ಕಂಡರೆ, ತಡಮಾಡಬೇಡಿ. ಬಾಯಿಂದ ನೂಲು ನೇತಾಡುತ್ತಿದ್ದರೆ ಎಳೆಯಬೇಡಿ, ಒಳಗೆ ಗಾಳ ಸಿಕ್ಕಿರಬಹುದು. ಹತ್ತಿರದ ಪಶು ಆಸ್ಪತ್ರೆ ಇದೆ. ಬೆಂಗಳೂರಿನ ಸುತ್ತಿನವರಿಗೆ 1958ರಿಂದ ಇರುವ ಹೆಬ್ಬಾಳದ ಪಶುವೈದ್ಯ ಕಾಲೇಜೂ ಇದೆ.

ರೆಕ್ಕೆ ಜೋತುಬಿದ್ದಿದ್ದರೆ, ಅದನ್ನು ಸಹಜವಾಗಿ ಮಡಿಸಿ, ಅಗಲವಾದ ಮೆತ್ತನೆಯ ಬಟ್ಟೆಪಟ್ಟಿಯನ್ನು ಇನ್ನೊಂದು ರೆಕ್ಕೆಯ ಕೆಳಗಿಂದ ತಂದು ಮೈಗೆ ಕಟ್ಟಿ. ಕಟ್ಟಿನೊಳಗೆ ಒಂದು ಬೆರಳು ಹೋಗುವಷ್ಟು ಸಡಿಲವಿರಲಿ. ಮೂಳೆ ಹೊರಬಂದಿದ್ದರೆ ಅಲ್ಲಿಗೆ ನೀರು ಹೊಯ್ಯಲೇಬಾರದು. ಬಾತಿನ ತೋಳಿನ ಮೂಳೆ ಟೊಳ್ಳು, ಉಸಿರಿನ ಚೀಲಕ್ಕೆ ಸೇರಿಕೊಂಡಿರುತ್ತದೆ. ಅಲ್ಲಿ ಹೊಯ್ದ ನೀರು ಉಸಿರಿನ ಜಾಗಕ್ಕೇ ಹೋದೀತು. ಕಾಲು ಮುರಿದಿದ್ದರೆ ಅಲುಗಾಡದಂತೆ ಪೆಟ್ಟಿಗೆಯಲ್ಲಿಟ್ಟು ವೈದ್ಯರಿಗೆ ತೋರಿಸಿ. ದಬ್ಬೆ ಕಟ್ಟುವುದು ಅವರ ಕೆಲಸ. ಹಕ್ಕಿಯ ಮೂಳೆ ಬೇಗ ಕೂಡುತ್ತದೆ, ಸುಮಾರು ಮೂರು ವಾರ ಸಾಕು. ಅಂಗಾಲಿನಲ್ಲಿ ಗಂಟು, ಅದರ ನಡುವೆ ಕಪ್ಪು ಹಕ್ಕಳೆ ಕಂಡರೆ, ಅದು ಸಿಮೆಂಟು ನೆಲ, ಚೂಪುಕಲ್ಲು ತಂದ ಹುಣ್ಣು. ನೆಲ ಮೆತ್ತಗೆ ಮಾಡದೆ ಆ ಹುಣ್ಣು ಮಾಯುವುದಿಲ್ಲ. ಇನ್ನು ಮರಿಗಳ ಕಾಲು ಬಿಲ್ಲಿನ ಹಾಗೆ ಬಾಗಿದ್ದರೆ ಪೆಟ್ಟು ಹುಡುಕಬೇಡಿ. ಬಾತಿನ ಮರಿಗೆ ಕೋಳಿಮರಿಗಿಂತ ಹೆಚ್ಚು ನಯಾಸಿನ್ ಎಂಬ ಜೀವಸತ್ವ ಬೇಕು. ಬರೀ ಕೋಳಿ ಆಹಾರದಲ್ಲಿ ಅದು ಸಾಲದೆ ಹೋಗುವುದುಂಟು.

ಆಹಾರಕ್ಕೆ ನುಚ್ಚು, ಅಕ್ಕಿ ತೌಡು ಕಲಸಿ, ಜೊತೆಗೆ ಸಣ್ಣಗೆ ಹೆಚ್ಚಿದ ಸೊಪ್ಪು, ಬೇಯಿಸಿದ ಮೊಟ್ಟೆಯ ಚೂರು. ಬೂಸಲು ಹಿಡಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ ಮಾತ್ರ ಖಂಡಿತ ಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳೂ ಬಾತಿನ ಮರಿಗಳೂ ಸತ್ತದ್ದು ಇಂಥ ಕಡಲೆಕಾಯಿ ಹಿಂಡಿಯ ವಿಷದಿಂದಲೇ. ಪ್ರತಿದಿನ ಬೆಳಿಗ್ಗೆ ತಕ್ಕಡಿಯಲ್ಲಿ ತೂಗಿ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಡಿ. ತೂಕ ಇಳಿಯುತ್ತಾ, ಹಿಕ್ಕೆ ಬರೀ ಹಸಿರು ನೀರಾಗುತ್ತಾ ಬಂದರೆ ಬಾತು ತಿನ್ನುತ್ತಿಲ್ಲವೆಂದು ತಿಳಿಯಿರಿ.

ಮನೆಯಲ್ಲಿರುವ ನೋವಿನ ಮಾತ್ರೆ, ದನಕ್ಕೆ ತಂದಿದ್ದ ಔಷಧಿ ಕೊಡಬೇಡಿ. ಒಂದು ಪ್ರಾಣಿಯ ಮದ್ದು ಇನ್ನೊಂದಕ್ಕೆ ನಂಜು. ಡೈಕ್ಲೋಫಿನಾಕ್ ಕೊಟ್ಟಿದ್ದ ದನಗಳು ಸತ್ತಾಗ ಆ ಮಾಂಸ ತಿಂದೇ ನಮ್ಮ ದೇಶದ ರಣಹದ್ದುಗಳು ನಾಶವಾದವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ಸರ್ಕಾರ ನಿಷೇಧಿಸಿತು. ವೈದ್ಯರು ಔಷಧಿ ಕೊಟ್ಟರೆ, ಎಷ್ಟು ದಿನ ಆ ಬಾತಿನ ಮೊಟ್ಟೆ, ಮಾಂಸ ತಿನ್ನಬಾರದೆಂದು ಕೇಳಿಕೊಳ್ಳಿ. ಅಷ್ಟು ದಿನದ ಮೊಟ್ಟೆಯನ್ನು ಮಾರಲೂ ಬಾರದು.

ಕೆರೆಯಂಚಿನಲ್ಲಿ ಸಿಕ್ಕಿದ್ದು ಸಾಕಿದ ಬಾತಲ್ಲ, ಕಾಡುಬಾತು ಎಂದಾದರೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಪಶ್ಚಿಮ ಬೆಂಗಳೂರಿನವರು ಕೆಂಗೇರಿಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಗೆ ತಲುಪಿಸಬಹುದು.

ಎಲ್ಲ ಬಾತೂ ಉಳಿಯುವುದಿಲ್ಲ, ಇದನ್ನೂ ಹೇಳಬೇಕು. ಕರುಳು ಹೊರಬಂದದ್ದು, ಸೊಂಟ ಮುರಿದು ತೆವಳುವುದು, ಎಷ್ಟು ಆರೈಕೆ ಮಾಡಿದರೂ ನೀರು ಮುಟ್ಟದೆ ನರಳುವುದು, ಇವನ್ನು ದಿನಗಟ್ಟಲೆ ಮೂಲೆಯಲ್ಲಿ ಬಿಟ್ಟಿರುವುದು ದಯೆಯಲ್ಲ. ವೈದ್ಯರನ್ನು ಕೇಳಿ, ನೋವಿಲ್ಲದೆ ಮುಗಿಸುವುದೇ ಧರ್ಮ. ಆದರೆ ಆ ತೀರ್ಮಾನ ಮೊದಲ ಗಂಟೆಯಲ್ಲೇ ಬೇಡ. ಸತ್ತಂತೆ ಬಿದ್ದಿದ್ದ ಬಾತು ರಾತ್ರಿಯೆಲ್ಲ ಬೆಚ್ಚಗಿದ್ದು ಬೆಳಿಗ್ಗೆ ತಲೆಯೆತ್ತುವುದುಂಟು.

ವಾಸಿಯಾದ ಮೇಲೆ ಒಮ್ಮೆಲೇ ಗುಂಪಿಗೆ ಬಿಡಬೇಡಿ. ಮೊದಲು ತೊಟ್ಟಿಯಲ್ಲಿ ಹತ್ತು ನಿಮಿಷ ಈಜಿಸಿ. ಗರಿ ನೆನೆಯದೆ ಹನಿ ಜಾರಿದರೆ ಬಾತು ತಯಾರಾಯಿತೆಂದು ಲೆಕ್ಕ. ಐದಾರು ಹೆಣ್ಣಿಗೆ ಒಂದೇ ಗಂಡು ಇರಲಿ. ಗಂಡು ಹೆಚ್ಚಾದರೆ ಹೆಣ್ಣುಗಳ ಕತ್ತಿನ ಗರಿ ಕಿತ್ತು ಮತ್ತೆ ಗಾಯವಾಗುತ್ತದೆ. ಕತ್ತಲಾಗುವ ಮುಂಚೆ ಗೂಡಿಗೆ ಸೇರಿಸಿ ಅಗುಳಿ ಹಾಕಿ.

ಹೇಳಿದ್ದನ್ನು ಇನ್ನೊಮ್ಮೆ ಜ್ಞಾಪಿಸಿಬಿಡುತ್ತೇನೆ. ಮೆಲ್ಲಗೆ ಹಿಡಿಯಿರಿ. ರಕ್ತ ನಿಲ್ಲಿಸಿ. ಬೆಚ್ಚಗೆ, ಬೇರೆ ಇಡಿ. ಉಪ್ಪುನೀರಲ್ಲಿ ತೊಳೆಯಿರಿ. ಕುಡಿಯಲು ಆಳದ ನೀರು ಕೊಡಿ, ಈಜಲು ಬಿಡಬೇಡಿ. ಕಚ್ಚಿದ ಗಾಯವಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಇದರಲ್ಲಿ ದುಡ್ಡಿನ ಖರ್ಚು ಕಡಿಮೆ, ಗಮನದ ಖರ್ಚು ಹೆಚ್ಚು.