ನಲವತ್ತು ದಾಟಿದ ಮೇಲೆ ಶತಕಗಳ ಸುಗ್ಗಿ

ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 197 ಶತಕ. 61,237 ರನ್. ಒಬ್ಬನೇ ಮನುಷ್ಯ, ಒಂದೇ ಜೀವಮಾನ! ಇಂಗ್ಲೆಂಡಿನ ಸರ್ರೆ ತಂಡದ ಆರಂಭಿಕ ಆಟಗಾರ ಜಾಕ್ ಹಾಬ್ಸ್ ಅವರ ಹೆಸರಿನ ಮುಂದೆ ಬರೆದಿಟ್ಟ ಈ ಅಂಕಿಗಳನ್ನು ಇವತ್ತಿನವರೆಗೆ ಯಾರೂ ಮುಟ್ಟಿಲ್ಲ. ಇಷ್ಟಕ್ಕೇ ಬೆರಗಾಗಬೇಡಿ, ನಿಜವಾದ ಬೆರಗು ಇದರೊಳಗೆ ಅಡಗಿದೆ. ಆ ಶತಕಗಳನ್ನು ಹಾಬ್ಸ್ ಅವರ ವಯಸ್ಸಿನ ಪಕ್ಕದಲ್ಲಿಟ್ಟು ನೋಡಿ. ಅವರು ನೂರನೆಯ ಶತಕ ಹೊಡೆದದ್ದು 1923ರ ಮೇ ತಿಂಗಳಲ್ಲಿ, ಬಾತ್ ಊರಿನಲ್ಲಿ, ಸಾಮರ್ಸೆಟ್ ವಿರುದ್ಧ. ಆಗ ಅವರ ವಯಸ್ಸು 40. ಉಳಿದ 97 ಶತಕಗಳು ಬಂದದ್ದು ಅದರ ನಂತರ!

ನಮ್ಮ ಗುಂಡಪ್ಪ ವಿಶ್ವನಾಥ್ ಕೊನೆಯ ಟೆಸ್ಟ್ ಆಡಿದಾಗ ಅವರಿಗಿನ್ನೂ 34 ತುಂಬಿರಲಿಲ್ಲ. ಸಹನೆಗೆ ಇನ್ನೊಂದು ಹೆಸರಾದ ರಾಹುಲ್ ದ್ರಾವಿಡ್ 39ಕ್ಕೆ ಟೆಸ್ಟ್ ಆಟಕ್ಕೆ ವಿದಾಯ ಹೇಳಿದರು. ಉಳಿದವರು ಮನೆಗೆ ಹೊರಡುವ ವಯಸ್ಸಿನಲ್ಲಿ ಈ ಮನುಷ್ಯ ಮತ್ತೊಂದು ಇಡೀ ವೃತ್ತಿಜೀವನ ಬಾಳಿದ್ದಾರೆ. ಈ ಸಂಗತಿ ಕಣ್ಣಿಗೆ ಬಿದ್ದಾಗಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಒಂದೇ: ಇದು ಹೇಗೆ ಸಾಧ್ಯವಾಯಿತು?

ಉತ್ತರ ಹುಡುಕಲು ಕೇಂಬ್ರಿಜ್‌ಗೆ ಹೋಗಬೇಕು. 1882ರ ಡಿಸೆಂಬರ್ 16ರಂದು, ಬಡವರ ಮನೆಯಲ್ಲಿ, ಹನ್ನೆರಡು ಮಕ್ಕಳಲ್ಲಿ ಹಿರಿಯನಾಗಿ ಜಾಕ್ ಹುಟ್ಟಿದರು. ತಂದೆ ಮೊದಲು ಮನೆಗಳ ಚಾವಣಿಗೆ ಕಲ್ಲುಹಾಸು ಹೊದಿಸುತ್ತಿದ್ದವರು, ಆಮೇಲೆ ಜೀಸಸ್ ಕಾಲೇಜಿನ ಆಟದ ಮೈದಾನ ನೋಡಿಕೊಳ್ಳುವ ಕೆಲಸ ಹಿಡಿದರು. ಸಿರಿವಂತರ ಮಕ್ಕಳು ಹಸಿರು ಅಂಗಳದಲ್ಲಿ ಆಡುತ್ತಿದ್ದರೆ, ಈ ಹುಡುಗ ಕಾಲೇಜಿನ ಕೆಲಸದಾಳುಗಳ ಜೊತೆ ಜಲ್ಲಿ ನೆಲದ ಮೇಲೆ ಆಡುತ್ತಿದ್ದ. ಬ್ಯಾಟಿನ ಬದಲು ಕೈಯಲ್ಲಿ ಒಂದು ಸ್ಟಂಪು, ಎದುರಿಗೆ ಟೆನಿಸ್ ಚೆಂಡು. ಅಷ್ಟು ಸಣ್ಣ ಕೋಲಿನಲ್ಲಿ, ಅಡ್ಡಾದಿಡ್ಡಿ ಪುಟಿಯುವ ಚೆಂಡನ್ನು ನಡುಮಧ್ಯಕ್ಕೆ ತಾಗಿಸಬೇಕು! ಕಣ್ಣು, ಕಾಲು, ಮಣಿಕಟ್ಟು ಮೂರೂ ಒಂದಾಗುವ ವಿದ್ಯೆ ಬಂದದ್ದು ಅಲ್ಲಿಂದ. ಕೂರಿಸಿಕೊಂಡು ಕಲಿಸಿದ ಗುರು ಯಾರೂ ಇರಲಿಲ್ಲ.

ಎಸೆಕ್ಸ್ ತಂಡಕ್ಕೆ ಅರ್ಜಿ ಹೋಯಿತು, ಅವರು ಗಣನೆಗೇ ತೆಗೆದುಕೊಳ್ಳಲಿಲ್ಲ. 1902ರಲ್ಲಿ ತಂದೆ ತೀರಿಕೊಂಡರು. ಆಗ ಕೈಹಿಡಿದವರು ಕೇಂಬ್ರಿಜ್‌ನವರೇ ಆದ, ಸರ್ರೆ ತಂಡದ ದೊಡ್ಡ ಆಟಗಾರ ಟಾಮ್ ಹೇವರ್ಡ್. ಅವರ ಶಿಫಾರಸಿನಿಂದ ಓವಲ್ ಮೈದಾನದಲ್ಲಿ ಪರೀಕ್ಷೆಯಾಯಿತು, ಹುಡುಗ ಪಾಸಾದ. 1905ರಲ್ಲಿ ಮೊದಲ ಪಂದ್ಯ. ಎದುರಾಳಿ ತಂಡದ ನಾಯಕ ಯಾರು ಗೊತ್ತೇ? ಡಬ್ಲ್ಯು.ಜಿ. ಗ್ರೇಸ್! ಗಡ್ಡದ ಆ ಮಹಾಪುರುಷನ ಕಣ್ಣೆದುರಿಗೇ ಹಾಬ್ಸ್ 18 ಮತ್ತು 88 ರನ್ ಹೊಡೆದರು. ಅದರ ಮುಂದಿನ ಪಂದ್ಯ ಎಸೆಕ್ಸ್ ವಿರುದ್ಧ. ಬೇಡವೆಂದವರ ಮೇಲೆಯೇ 155! ಕೌಂಟಿ ತಂಡದ ಟೊಪ್ಪಿಗೆ ಆಗಲೇ ತಲೆಗೇರಿತು.

ಅಲ್ಲಿಂದ ಶುರುವಾದದ್ದು ಮೊದಲನೆಯ ಹಾಬ್ಸ್ ಕಥೆ. 1908ರ ಹೊಸವರ್ಷದ ದಿನ ಮೆಲ್ಬರ್ನ್‌ನಲ್ಲಿ ಶುರುವಾದದ್ದು ಅವರ ಮೊದಲ ಟೆಸ್ಟ್, ಮೊದಲ ಇನಿಂಗ್ಸ್‌ನಲ್ಲೇ 83. ಮುಂದೆ 1909-10ರಲ್ಲಿ ದಕ್ಷಿಣ ಆಫ್ರಿಕಾ ಪ್ರವಾಸ. ಅಲ್ಲಿ ಚಾಪೆ ಹಾಸಿದ ಪಿಚ್. ಲೆಗ್ ಬ್ರೇಕ್ ಹಾಕುವಂತೆ ಕೈ ತಿರುಗಿಸಿ ಚೆಂಡನ್ನು ಮಾತ್ರ ಒಳಕ್ಕೆ ನುಗ್ಗಿಸುವ ಗೂಗ್ಲಿ ಆಗಿನ್ನೂ ಹೊಸ ಮಾಯೆ. ವೋಗ್ಲರ್, ಫಾಕ್ನರ್ ಎಸೆತಗಳಿಗೆ ಇಂಗ್ಲೆಂಡಿನ ಘಟಾನುಘಟಿಗಳು ತಡವರಿಸಿದರು. ಹಾಬ್ಸ್ ಮಾತ್ರ ಬೌಲರ್‌ನ ಕೈಯನ್ನೇ ಓದಿದರು. ಒಂದೋ ಮುಂದೆ ನುಗ್ಗಿ ಚೆಂಡು ತಿರುಗುವ ಮೊದಲೇ ಹೊಡೆಯುವುದು, ಇಲ್ಲವೇ ಪೂರ್ತಿ ಹಿಂದೆ ಸರಿದು ತಿರುಗಿದ ಮೇಲೆ ಆಡುವುದು. ನಡುವೆ ಸಿಕ್ಕಿಹಾಕಿಕೊಳ್ಳುವ ಮಾತೇ ಇಲ್ಲ! ಆ ಸರಣಿಯಲ್ಲಿ 539 ರನ್. 1911-12ರಲ್ಲಿ ಆಸ್ಟ್ರೇಲಿಯಾದ ನೆಲದಲ್ಲಿ 662 ರನ್, ವಿಲ್ಫ್ರೆಡ್ ರೋಡ್ಸ್ ಜೊತೆ ಮೆಲ್ಬರ್ನ್‌ನಲ್ಲಿ ಮೊದಲ ವಿಕೆಟ್‌ಗೆ 323. ಸಾಲದ್ದಕ್ಕೆ ಆ ಪ್ರವಾಸದಲ್ಲಿ ಕವರ್‌ನಲ್ಲಿ ನಿಂತು 15 ಮಂದಿಯನ್ನು ರನೌಟ್ ಮಾಡಿದರು!

ಆಮೇಲೆ ಯುದ್ಧ ಬಂತು. 1915ರಿಂದ 1918ರವರೆಗೆ ನಾಲ್ಕು ಬೇಸಿಗೆ ಇಂಗ್ಲೆಂಡಿನಲ್ಲಿ ಪ್ರಥಮ ದರ್ಜೆ ಕ್ರಿಕೆಟ್ಟೇ ಇಲ್ಲ. ಹಾಬ್ಸ್ ವಾಯುದಳದಲ್ಲಿ ಮೆಕ್ಯಾನಿಕ್ ಆದರು. ಬ್ಯಾಟ್ಸ್‌ಮನ್ ಒಬ್ಬನ ಅತ್ಯುತ್ತಮ ವರ್ಷಗಳಾದ 32ರಿಂದ 35ರವರೆಗಿನ ವಯಸ್ಸು ಹೀಗೆ ಕಳೆಯಿತು. ಯುದ್ಧ ಮುಗಿದು ಆಟ ಚಿಗುರುವಷ್ಟರಲ್ಲಿ ಇನ್ನೊಂದು ಪೆಟ್ಟು. 1921ರಲ್ಲಿ ಲೀಡ್ಸ್ ಟೆಸ್ಟ್ ನಡೆಯುತ್ತಿದ್ದಾಗಲೇ ಹೊಟ್ಟೆನೋವು. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ, ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. 38 ವರ್ಷದ ಮನುಷ್ಯ, ಹೊಟ್ಟೆಯ ಮೇಲೆ ಹೊಲಿಗೆ. ಇನ್ನು ಯಾರು ತಾನೇ ಆಸೆ ಇಟ್ಟುಕೊಳ್ಳುತ್ತಾರೆ?

ಅಲ್ಲಿಂದ ಎದ್ದು ಬಂದವರು ಎರಡನೆಯ ಹಾಬ್ಸ್! ಆಟವನ್ನೇ ಮರುರೂಪಿಸಿಕೊಂಡ ಹಾಬ್ಸ್. ಮುನ್ನುಗ್ಗುವ ಹುಮ್ಮಸ್ಸನ್ನು ಕಡಿಮೆ ಮಾಡಿ ಹಿಂಗಾಲಿನ ಮೇಲೆ ಆಡುವುದನ್ನು ಹೆಚ್ಚಿಸಿಕೊಂಡರು. ಹಿಂದೆ ಸರಿದವನಿಗೆ ಚೆಂಡನ್ನು ನೋಡಲು ಕಣ್ಣುರೆಪ್ಪೆ ಮಿಟುಕಿಸುವಷ್ಟು ಹೊತ್ತು ಹೆಚ್ಚು ಸಿಗುತ್ತದೆ. ವಯಸ್ಸು ಕಸಿದದ್ದನ್ನು ಹೀಗೆ ವಾಪಸ್ ಗಳಿಸಿದರು. ಜೊತೆಗೆ ಯಾರ್ಕ್‌ಷೈರ್‌ನ ಹರ್ಬರ್ಟ್ ಸಟ್‌ಕ್ಲಿಫ್ ಸಿಕ್ಕರು. ಇಬ್ಬರೂ ಸೇರಿ ಟೆಸ್ಟ್‌ನಲ್ಲಿ 15 ಬಾರಿ ಮೊದಲ ವಿಕೆಟ್‌ಗೆ ನೂರು ದಾಟಿದರು. ಅವರ ನಡುವೆ ಎಂಥ ಹೊಂದಾಣಿಕೆ ಎಂದರೆ, ಬಾಯಿಬಿಟ್ಟು ಕೂಗದೆಯೇ ರನ್ ಕದಿಯುತ್ತಿದ್ದರು. 1925ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಇಡೀ ದಿನ ಔಟಾಗದೆ ನಿಂತು 283 ರನ್ ಪೇರಿಸಿದರು!

ಅದೇ 1925ರ ಬೇಸಿಗೆಯಂತೂ ಹುಚ್ಚು ಹಿಡಿಸುವಂಥದ್ದು. ಗ್ರೇಸ್ ಅವರ 126 ಶತಕಗಳ ದಾಖಲೆಗೆ ಇನ್ನೊಂದೇ ಬಾಕಿ. ಹಾಬ್ಸ್ ಹೋದಲ್ಲೆಲ್ಲ ಪತ್ರಕರ್ತರು, ಛಾಯಾಗ್ರಾಹಕರು, ಸಿನಿಮಾ ಕ್ಯಾಮೆರಾಗಳು. ವಾರಗಳು ಕಳೆದರೂ ಆ ಒಂದು ಶತಕ ಬರುತ್ತಿಲ್ಲ. ಆಗಸ್ಟ್‌ನಲ್ಲಿ ಟಾಂಟನ್ ಮೈದಾನ, ಶನಿವಾರ ಸಂಜೆ ಆಟ ನಿಂತಾಗ 91. ನಡುವೆ ಭಾನುವಾರ, ಆಟವಿಲ್ಲ! ಇಡೀ ಇಂಗ್ಲೆಂಡ್ ಒಂದು ದಿನ ಉಸಿರು ಬಿಗಿಹಿಡಿದು ಕಾಯಿತು. ಸೋಮವಾರ ನೂರು ತುಂಬಿತು, ಗ್ರೇಸ್ ಸಮಕ್ಕೆ ಬಂದರು. ಮಂಗಳವಾರ ಎರಡನೆಯ ಇನಿಂಗ್ಸ್‌ನಲ್ಲಿ ಮತ್ತೆ ಅಜೇಯ 101, ಗ್ರೇಸ್ ಹಿಂದೆ ಬಿದ್ದರು! ಆ ಒಂದು ಋತುವಿನಲ್ಲಿ 16 ಶತಕ, 3,024 ರನ್. ವಯಸ್ಸು 42!

ಆದರೆ ನನ್ನನ್ನು ಹೆಚ್ಚು ಅಲುಗಾಡಿಸುವುದು ಅದರ ಮರುವರ್ಷ ಓವಲ್‌ನಲ್ಲಿ ಹೊಡೆದ ನೂರು. ಆಗ ಪಿಚ್ಚಿಗೆ ಇವತ್ತಿನಂತೆ ಹೊದಿಕೆ ಇರಲಿಲ್ಲ. ರಾತ್ರಿ ಮಳೆ ಸುರಿದು ಬೆಳಿಗ್ಗೆ ಬಿಸಿಲು ಬಿತ್ತೆಂದರೆ ಒಣಗುತ್ತಿರುವ ಅಂಟುಮಣ್ಣು ಚೆಂಡನ್ನು ಕಚ್ಚಿ ಹಿಡಿದು ಎದೆಮಟ್ಟಕ್ಕೆ ಚಿಮ್ಮಿಸುತ್ತದೆ, ಎತ್ತ ತಿರುಗುತ್ತದೋ ಊಹೆಗೂ ಸಿಗದು. ಆ್ಯಷಸ್ ಸರಣಿಯ ನಿರ್ಣಾಯಕ ಟೆಸ್ಟ್, ಅಂಥದೇ ಬೆಳಿಗ್ಗೆ. ಹಾಬ್ಸ್ ಮತ್ತು ಸಟ್‌ಕ್ಲಿಫ್ ಆ ಪಿಚ್ಚಿನಲ್ಲಿ 172 ರನ್ ಸೇರಿಸಿದರು, ಹಾಬ್ಸ್ ಸರಿಯಾಗಿ 100. ಇಂಗ್ಲೆಂಡ್ 289 ರನ್‌ಗಳಿಂದ ಗೆದ್ದಿತು, 1912ರ ನಂತರ ಮೊದಲ ಬಾರಿಗೆ ಆ್ಯಷಸ್ ಸರಣಿ ಕೈಗೆ ಬಂತು. ಜಲ್ಲಿ ನೆಲದಲ್ಲಿ ಸ್ಟಂಪು ಹಿಡಿದು ಆಡಿದ್ದ ಹುಡುಗನಲ್ಲವೇ! ನಂಬಲಾಗದ ನೆಲ ಅವರಿಗೆ ಹೊಸದಾಗಿರಲಿಲ್ಲ.

1929ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ 142 ಹೊಡೆದಾಗ ಅವರಿಗೆ 46 ವರ್ಷ, 82 ದಿನ. ಟೆಸ್ಟ್ ಶತಕ ಹೊಡೆದ ಅತಿ ಹಿರಿಯ ಎಂಬ ಆ ದಾಖಲೆ ಇನ್ನೂ ಅವರದೇ. ಕೊನೆಯ ಪ್ರಥಮ ದರ್ಜೆ ಶತಕ 1934ರಲ್ಲಿ, ಓಲ್ಡ್ ಟ್ರಾಫರ್ಡ್‌ನಲ್ಲಿ, 51ನೆಯ ವಯಸ್ಸಿನಲ್ಲಿ!

ಇದೆಲ್ಲವನ್ನೂ ಅವರು ಮಾಡಿದ್ದು ಹೊಟ್ಟೆಪಾಡಿಗಾಗಿ ಆಡುವವನಾಗಿ. ಅಂದಿನ ಇಂಗ್ಲಿಷ್ ಕ್ರಿಕೆಟ್‌ನಲ್ಲಿ ಎರಡು ಜಾತಿ: ಸಂಬಳ ಪಡೆಯದ ಶ್ರೀಮಂತ ಹವ್ಯಾಸಿಗಳು, ಸಂಬಳಕ್ಕೆ ಆಡುವ ವೃತ್ತಿಪರರು. ಇಬ್ಬರಿಗೂ ಬೇರೆ ಬೇರೆ ಕೋಣೆ, ಅನೇಕ ಕಡೆ ಅಂಗಳಕ್ಕೆ ಇಳಿಯಲು ಬೇರೆ ಬೇರೆ ಗೇಟು, ಸ್ಕೋರ್ ಕಾರ್ಡಿನಲ್ಲಿ ಹೆಸರು ಅಚ್ಚು ಹಾಕುವ ರೀತಿಯೂ ಬೇರೆ. ನಾಯಕತ್ವ ಹವ್ಯಾಸಿಗಳ ಹಕ್ಕು. 1926ರ ಓಲ್ಡ್ ಟ್ರಾಫರ್ಡ್ ಟೆಸ್ಟ್‌ನಲ್ಲಿ ನಾಯಕ ಕಾರ್ ಕಾಯಿಲೆ ಬಿದ್ದಾಗ, ತಂಡದಲ್ಲಿ ಇನ್ನೊಬ್ಬ ಹವ್ಯಾಸಿ ಇದ್ದರೂ ತಂಡವನ್ನು ನಡೆಸಿದ್ದು ಹಾಬ್ಸ್. 1953ರಲ್ಲಿ ಸರ್ ಪದವಿ ಸಿಕ್ಕಿತು, ವೃತ್ತಿಪರ ಕ್ರಿಕೆಟಿಗನೊಬ್ಬನಿಗೆ ಅದು ಮೊದಲು. ಹವ್ಯಾಸಿ-ವೃತ್ತಿಪರ ಎಂಬ ಭೇದವನ್ನೇ ಅಳಿಸಿಹಾಕಿ ಇಂಗ್ಲಿಷ್ ಕ್ರಿಕೆಟ್ ಆಡಿದ ಮೊದಲ ವರ್ಷ 1963. ಆ ವರ್ಷದ ಡಿಸೆಂಬರ್‌ನಲ್ಲಿ ಹಾಬ್ಸ್ ತೀರಿಕೊಂಡರು.

ಇಷ್ಟೆಲ್ಲ ಓದಿದ ಮೇಲೆ ನನ್ನನ್ನು ದಂಗುಬಡಿಸಿದ ಸಂಗತಿ ಇನ್ನೊಂದಿದೆ. ನಾನು ನಿಜವಾಗಿ ಚೆನ್ನಾಗಿ ಆಡಿದ್ದು 1914ಕ್ಕಿಂತ ಮೊದಲು ಎಂಬುದು ಸ್ವತಃ ಹಾಬ್ಸ್ ಅವರ ಅಭಿಪ್ರಾಯವಾಗಿತ್ತು! ಅಂದರೆ ಟಾಂಟನ್, ಓವಲ್, ಮೆಲ್ಬರ್ನ್, ನಲವತ್ತರ ನಂತರದ ಆ ಎಲ್ಲ ಶತಕಗಳು ಅವರ ಲೆಕ್ಕದಲ್ಲಿ ಎರಡನೆಯ ದರ್ಜೆಯವು. ಈಗ ಅರ್ಥವಾಗುತ್ತದೆ, ಇದು ಹೇಗೆ ಸಾಧ್ಯವಾಯಿತೆಂದು. ಹರೆಯದ ಆಟ ಕೈಬಿಟ್ಟು ಹೋಯಿತೆಂದು ಅವರಿಗೆ ಗೊತ್ತಿತ್ತು, ಅದಕ್ಕಾಗಿ ಅವರು ಅಳುತ್ತ ಕೂರಲಿಲ್ಲ. ಉಳಿದಿರುವುದು ಎಷ್ಟೆಂದು ನಿಖರವಾಗಿ ಅಳೆದರು, ಅಷ್ಟರಲ್ಲೇ ಹೊಸ ಆಟ ಕಟ್ಟಿದರು, ದಿನದ ಕೆಲಸಕ್ಕೆ ಹೊರಡುವ ಶ್ರಮಿಕನ ನಿಷ್ಠೆಯಿಂದ ಹನ್ನೆರಡು ಬೇಸಿಗೆ ಅದನ್ನೇ ಆಡಿದರು. ಪ್ರತಿಭೆ ಮೊದಲ ನೂರು ಶತಕ ತಂದುಕೊಟ್ಟಿರಬಹುದು. ಉಳಿದ 97 ವೃತ್ತಿಧರ್ಮದ ಫಲ, ಮತ್ತು ಆ 97ರ ಮುಂದೆಯೇ ನಾನು ಹೆಚ್ಚು ತಲೆಬಾಗುತ್ತೇನೆ.